ಲಸಿಕೆ ಕೊಟ್ಟ ಮೇಲೆ ಇಮ್ಯೂನ್ ಜೀನ್ ಅಳೆಯಲು ಯಾವ ವಿಧಾನ? ಬೀದರ್, ಕಲಬುರಗಿ ಕಡೆಯ ಸಂಶೋಧನಾ ವಿದ್ಯಾರ್ಥಿಗಳಿಗೆ

ಸಿನಾಪ್ಸಿಸ್ (ಸಂಶೋಧನೆಯ ಯೋಜನೆ) ಬರೆಯುವ ಸಮಯ ಬಂತೆಂದರೆ ನನಗೆ ಒಂದೇ ಥರದ ಪ್ರಶ್ನೆ ಬರುತ್ತದೆ. "ಮೇಡಂ, ಇಲಿಗೆ ಲಸಿಕೆ ಕೊಟ್ಟು ಇಮ್ಯೂನ್ ಜೀನ್ ನೋಡಬೇಕು. ಕ್ಯೂಪಿಸಿಆರ್ ಸಾಕೇನ್ರೀ, ಇಲ್ಲಾ ಆರ್‌ಎನ್‌ಎ-ಸೀಕ್ ಮಾಡಿಸಬೇಕಾ?" ಜೀನ್ ಕೆಲಸ ಮಾಡುವಾಗ ಅದರ ನಕಲಾಗಿ ಆರ್‌ಎನ್‌ಎ ಹುಟ್ಟುತ್ತದೆ. ಆರಿಸಿದ ಕೆಲವೇ ಜೀನ್‌ಗಳ ಆರ್‌ಎನ್‌ಎ ಅಳೆಯುವುದು ಕ್ಯೂಪಿಸಿಆರ್, ಎಲ್ಲ ಜೀನ್‌ಗಳದ್ದನ್ನೂ ಒಟ್ಟಿಗೆ ಓದುವುದು ಆರ್‌ಎನ್‌ಎ-ಸೀಕ್. ಕೇಳುವವರಲ್ಲಿ ಬೀದರ್‌ನಲ್ಲಿ ಪಶುವೈದ್ಯಕೀಯ ಓದುವವರಿದ್ದಾರೆ. ಗುಲ್ಬರ್ಗ ವಿಶ್ವವಿದ್ಯಾಲಯದವರಿದ್ದಾರೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರಿದ್ದಾರೆ. ಕೆಲವರ ಗೈಡ್‌ಗೆ ದೊಡ್ಡ ಪ್ರಾಜೆಕ್ಟ್ ಇರುತ್ತದೆ. ಕೆಲವರ ಕೈಯಲ್ಲಿ ಫೆಲೋಶಿಪ್‌ನ ಕಂಟಿಂಜೆನ್ಸಿ ದುಡ್ಡು ಬಿಟ್ಟರೆ ಬೇರೇನೂ ಇರುವುದಿಲ್ಲ. ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಅನ್ಯಾಯವಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಷಿನ್ ಯಾವುದು ಎಂದು ತೀರ್ಮಾನಿಸುವುದು ಕೊನೆಯ ಕೆಲಸ. ಅದಕ್ಕೂ ಮೊದಲು ನಿಮ್ಮ ಪ್ರಶ್ನೆ ಏನು, ಪ್ರಾಣಿಗಳು ಎಷ್ಟು, ಆರ್‌ಎನ್‌ಎ ಹಾಳಾಗದೆ ಉಳಿಯುತ್ತದೆಯೇ, ಈ ಮೂರು ಗಟ್ಟಿಯಾಗಬೇಕು. ಈ ಮೂರರಲ್ಲಿ ಒಂದು ಸಡಿಲವಾದರೂ ದುಬಾರಿ ಮಷಿನ್ ಕೊಡುವುದು ದುಬಾರಿ ಗೊಂದಲವನ್ನು ಮಾತ್ರ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ನೀವು ಪರೀಕ್ಷೆ ಮಾಡುತ್ತಿದ್ದೀರಾ, ಹುಡುಕುತ್ತಿದ್ದೀರಾ? "ನಮ್ಮ ಲಸಿಕೆ ಟಿಎಚ್-1 ಕಡೆ ವಾಲುತ್ತದೋ ಟಿಎಚ್-2 ಕಡೆಯೋ" ಎಂಬುದು ಪರೀಕ್ಷೆಯ ಪ್ರಶ್ನೆ. (ಟಿಎಚ್-1 ಎಂದರೆ ಜೀವಕೋಶಗಳ ಮೂಲಕ ಹೋರಾಡುವ ದಾರಿ, ಟಿಎಚ್-2 ಎಂದರೆ ಪ್ರತಿಕಾಯಗಳ ದಾರಿ.) ಅದಕ್ಕೆ ಇಂಟರ್‌ಫೆರಾನ್ ಗಾಮಾ, ಐಎಲ್-2, ಐಎಲ್-12, ಐಎಲ್-4, ಐಎಲ್-5, ಐಎಲ್-10 ಇಷ್ಟು ಸೈಟೊಕೈನ್ (ಇಮ್ಯೂನ್ ಕೋಶಗಳ ಸಂದೇಶದ ಪ್ರೋಟೀನ್) ಜೀನ್ ನೋಡಿದರೆ ಉತ್ತರ ಬಹುಪಾಲು ಸಿಗುತ್ತದೆ. "ಈ ಹೊಸ ಅಡ್ಜುವೆಂಟ್ ದೇಹದಲ್ಲಿ ಏನೇನು ಎಬ್ಬಿಸುತ್ತದೆ, ನಮಗೆ ಗೊತ್ತೇ ಇಲ್ಲ" ಎಂಬುದು ಹುಡುಕಾಟ. (ಅಡ್ಜುವೆಂಟ್ ಎಂದರೆ ಲಸಿಕೆಯ ಪರಿಣಾಮ ಹೆಚ್ಚಿಸಲು ಬೆರೆಸುವ ವಸ್ತು.) ಹಳದಿ ಜ್ವರದ ವೈಎಫ್-17ಡಿ ಲಸಿಕೆ ಪಡೆದ ಮನುಷ್ಯರ ರಕ್ತದಲ್ಲಿ ಇಡೀ ಜೀನ್ ಸಮೂಹವನ್ನು ನೋಡಿದ ಅಧ್ಯಯನಗಳು 2008-09ರಲ್ಲಿ ಬಂದವು. ಲಸಿಕೆ ಕೊಟ್ಟ ಕೆಲವೇ ದಿನಗಳಲ್ಲಿ ಕಾಣುವ ಜೀನ್ ಗುರುತಿನಿಂದ ಮುಂದಿನ ಪ್ರತಿಕ್ರಿಯೆಯನ್ನು ಊಹಿಸಬಹುದು ಎಂದು ಆಗ ಕಂಡಿತು. ಆ ಥರದ ಕೆಲಸ ಆರು ಜೀನ್ ಅಳೆದರೆ ಆಗುವುದಿಲ್ಲ.

ಎರಡನೆಯದು ಪ್ರಾಣಿಗಳ ಸಂಖ್ಯೆ. ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿಯೇ ಜಾಸ್ತಿ ಜನ ಎಡವುತ್ತಾರೆ. ಕ್ಯೂಪಿಸಿಆರ್‌ನಲ್ಲಿ ಸಿಗ್ನಲ್ ಕಾಣಲು ಎಷ್ಟು ನಕಲು ಸುತ್ತು ಬೇಕಾಯಿತು ಎಂಬ ಎಣಿಕೆಯೇ ಸಿಟಿ. ಒಂದು ಸಿಟಿ ವ್ಯತ್ಯಾಸ ಎಂದರೆ ಎರಡು ಪಟ್ಟು. ಎರಡು ಸಿಟಿ ಎಂದರೆ ನಾಲ್ಕು ಪಟ್ಟು. ಒಂದೇ ಗುಂಪಿನ ಇಲಿಗಳ ನಡುವೆಯೇ ಡೆಲ್ಟಾ ಸಿಟಿ (ನಿಮ್ಮ ಜೀನ್‌ಗೂ ಹೋಲಿಕೆಗೆ ಇಟ್ಟ ಸ್ಥಿರವಾದ ರೆಫರೆನ್ಸ್ ಜೀನ್‌ಗೂ ಇರುವ ಸಿಟಿ ವ್ಯತ್ಯಾಸ) ಬೆಲೆ ಸುಮಾರು ಒಂದು ಸಿಟಿಯಷ್ಟು ಏರುಪೇರಾಗುತ್ತದೆ ಎಂದುಕೊಳ್ಳಿ. ಆಗ ನಾಲ್ಕು ಪಟ್ಟು ವ್ಯತ್ಯಾಸ ಹಿಡಿಯಲು ಗುಂಪಿಗೆ ಸುಮಾರು 6 ಇಲಿ ಸಾಕು. ಎರಡು ಪಟ್ಟು ವ್ಯತ್ಯಾಸ ಹಿಡಿಯಬೇಕಾದರೆ 17 ಬೇಕು. ಇದು ಶೇ 80 ಪವರ್ (ಇರುವ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ), ಶೇ 5 ಸಿಗ್ನಿಫಿಕೆನ್ಸ್ (ಇಲ್ಲದ ವ್ಯತ್ಯಾಸ ಇದೆ ಎನ್ನಿಸುವ ಸಾಧ್ಯತೆ) ಇಟ್ಟುಕೊಂಡು ಮಾಡಿದ ಸಾಮಾನ್ಯ ಟಿ-ಟೆಸ್ಟ್ ಲೆಕ್ಕ. ಗುಂಪಿಗೆ ಮೂರು ಇಲಿ ಇಟ್ಟುಕೊಂಡು ಪ್ರತಿ ಸ್ಯಾಂಪಲ್ ಅನ್ನು ಮೂರು ಬಾವಿಯಲ್ಲಿ (ಪ್ಲೇಟ್‌ನ ಗುಳಿಯಲ್ಲಿ) ಓಡಿಸಿ "ಎನ್ ಒಂಬತ್ತು" ಎಂದು ಬರೆದರೆ ಅದು ಒಂಬತ್ತಾಗುವುದಿಲ್ಲ. ಇಲಿ ಮೂರೇ.

ನೈತಿಕ ಸಮಿತಿಗೆ ಅರ್ಜಿ ಹಾಕುವಾಗ ಈ ಲೆಕ್ಕವನ್ನೇ ಬರೆಯಿರಿ. ಸಿಸಿಎಸ್‌ಇಎ, ಅಂದರೆ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಮಿತಿ, ಮೊದಲಿನ ಸಿಪಿಸಿಎಸ್‌ಇಎ, ನಿಯಮದಂತೆ ಪ್ರಾಣಿಗಳ ಸಂಖ್ಯೆಗೆ ಕಾರಣ ಕೊಡಲೇಬೇಕು. ಸಂಖ್ಯೆ ಕಡಿಮೆ ಮಾಡಬೇಕು ಎಂಬ ಮಾತು ನಿಜ. 1959ರಲ್ಲಿ ರಸೆಲ್ ಮತ್ತು ಬರ್ಚ್ ಹೇಳಿದ ಮೂರು ತತ್ವಗಳಲ್ಲಿ ಅದೂ ಒಂದು. ಆದರೆ ಉತ್ತರವೇ ಸಿಗದಷ್ಟು ಕಡಿಮೆ ಮಾಡಿದರೆ ಆ ಪ್ರಾಣಿಗಳೆಲ್ಲ ಸುಮ್ನೆ ಸತ್ತಂತೆ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ವಿಷಯ.

ಮೂರನೆಯದು ಯಾವ ಅಂಗಾಂಶ, ಯಾವಾಗ. ಇಂಜೆಕ್ಷನ್ ಕೊಟ್ಟ ಜಾಗದಲ್ಲಿ ಮತ್ತು ಹತ್ತಿರದ ಲಿಂಫ್ ನೋಡ್‌ನಲ್ಲಿ ಎಂಎಕ್ಸ್-1, ಐಎಸ್‌ಜಿ-15, ಸಿಎಕ್ಸ್‌ಸಿಎಲ್-10 ಥರದ ಇಂಟರ್‌ಫೆರಾನ್ ಜೀನ್‌ಗಳು ಮೊದಲ ದಿನದೊಳಗೇ ಏರುತ್ತವೆ. ಟಿ ಜೀವಕೋಶಗಳ ಕಥೆ ಒಂದು ವಾರದ ಹೊತ್ತಿಗೆ ಸ್ಪಷ್ಟವಾಗುತ್ತದೆ. ಜರ್ಮಿನಲ್ ಸೆಂಟರ್‌ನ (ಪ್ರತಿಕಾಯ ಮಾಡುವ ಬಿ ಕೋಶಗಳು ಪಳಗುವ ಜಾಗ) ಬಿಸಿಎಲ್-6, ಎಐಸಿಡಿಎ ಜೀನ್ ನೋಡಬೇಕೆಂದರೆ ಎರಡನೇ ವಾರದವರೆಗೆ ಕಾಯಬೇಕು. 28ನೇ ದಿನ ಸ್ಪ್ಲೀನ್ (ಗುಲ್ಮ) ತೆಗೆದು ನೇರವಾಗಿ ಇಂಟರ್‌ಫೆರಾನ್ ಗಾಮಾ ನೋಡಿದರೆ ಬಹಳ ಸಲ ಏನೂ ಕಾಣುವುದಿಲ್ಲ, ಯಾಕೆಂದರೆ ನೆನಪಿನ ಕೋಶಗಳು ಆಗ ಸುಮ್ಮನಿರುತ್ತವೆ. ಆ ಹೊತ್ತಿಗೆ ಸ್ಪ್ಲೀನ್ ಕೋಶಗಳನ್ನು ಬೇರ್ಪಡಿಸಿ, ಲಸಿಕೆಯಲ್ಲಿದ್ದ ಅದೇ ಆ್ಯಂಟಿಜೆನ್ (ಇಮ್ಯೂನ್ ವ್ಯವಸ್ಥೆ ಗುರುತಿಸುವ ರೋಗಾಣುವಿನ ಭಾಗ) ಜೊತೆ 6ರಿಂದ 24 ಗಂಟೆ ಬೆಳೆಸಿ, ಆಮೇಲೆ ಆರ್‌ಎನ್‌ಎ ತೆಗೆಯಬೇಕು. ಯಾವ ಮಷಿನ್ ತಂದರೂ ತಪ್ಪು ಹೊತ್ತಿನ ಸ್ಯಾಂಪಲ್ ಸರಿಹೋಗುವುದಿಲ್ಲ.

ಇನ್ನು ಕಂಟ್ರೋಲ್ ಗುಂಪು. ಬರೀ ಸಲೈನ್ ಕೊಟ್ಟ ಗುಂಪು ಸಾಲದು. ಅಡ್ಜುವೆಂಟ್ ಮಾತ್ರ ಕೊಟ್ಟ ಗುಂಪು ಇರಲೇಬೇಕು. ಆಲಂ (ಅಲ್ಯೂಮಿನಿಯಂ ಲವಣದ ಅಡ್ಜುವೆಂಟ್) ತಾನೇ ಉರಿಯೂತದ ಜೀನ್‌ಗಳನ್ನು ಎಬ್ಬಿಸುತ್ತದೆ. ನಿಮ್ಮ ಆ್ಯಂಟಿಜೆನ್ ಇ-ಕೋಲೈನಲ್ಲಿ ಮಾಡಿದ ಪ್ರೋಟೀನ್ ಆದರೆ ಎಂಡೋಟಾಕ್ಸಿನ್ (ಆ ಬ್ಯಾಕ್ಟೀರಿಯಾದ ಹೊರಪೊರೆಯ ವಿಷ) ತೆಗೆದಿದ್ದೀರಾ ನೋಡಿಕೊಳ್ಳಿ. ಇಲ್ಲದಿದ್ದರೆ ನೀವು ಅಳೆಯುವ ಐಎಲ್-6, ಟಿಎನ್‌ಎಫ್ ಏರಿಕೆ ಲಸಿಕೆಯದ್ದಲ್ಲ, ಕೊಳೆಯದ್ದು.

ಕೊನೆಯದು ದುಡ್ಡು, ವಿದ್ಯುತ್, ದೂರ. ಇವನ್ನು ಮುಂದೆ ಒಂದೊಂದು ವಿಧಾನದ ಜೊತೆಗೇ ಹೇಳುತ್ತೇನೆ.

ಕ್ಯೂಪಿಸಿಆರ್: ನಮ್ಮ ಕಡೆಯ ಜಾಸ್ತಿ ಜನಕ್ಕೆ ಇದೇ ಸರಿ

ಇದನ್ನು "ಹಳೆಯದು" ಎಂದು ಕೀಳಾಗಿ ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೊತ್ತಿರುವ ಐದರಿಂದ ಹದಿನೈದು ಜೀನ್, ಇಪ್ಪತ್ತು ಮೂವತ್ತು ಪ್ರಾಣಿ ಇದ್ದಾಗ ಇದರಷ್ಟು ಸೂಕ್ಷ್ಮವಾಗಿ, ಇಷ್ಟು ಕಡಿಮೆ ದುಡ್ಡಿಗೆ ಅಳೆಯುವ ಬೇರೆ ದಾರಿ ಇಲ್ಲ. ಆರ್‌ಎನ್‌ಎ-ಸೀಕ್ ಮಾಡಿದವರೂ ಕೊನೆಗೆ ಖಾತ್ರಿ ಮಾಡಿಕೊಳ್ಳಲು ಇಲ್ಲಿಗೇ ಬರುತ್ತಾರೆ.

ಪ್ಲೇಟ್ ಲೆಕ್ಕ ಹೀಗೆ ಹಾಕಿ. ಮೂರು ಗುಂಪು, ಗುಂಪಿಗೆ 8 ಇಲಿ, ಒಟ್ಟು 24. ಒಂದು ಪ್ಲೇಟ್‌ಗೆ ಒಂದೇ ಜೀನ್. 24 ಸ್ಯಾಂಪಲ್, ಮೂರು ಮೂರು ಬಾವಿ, 72 ಆಯಿತು. ಸ್ಟ್ಯಾಂಡರ್ಡ್ ಕರ್ವ್‌ಗೆ ಒಂದೇ ಸ್ಯಾಂಪಲ್ ಅನ್ನು ತೆಳುಮಾಡುತ್ತಾ ಹೋದ ಐದು ಹಂತ, ಮೂರು ಮೂರು ಬಾವಿ, 15. ನೀರಿನ ಕಂಟ್ರೋಲ್ 3. ಒಟ್ಟು 90. 96 ಬಾವಿಯ ಪ್ಲೇಟ್‌ನಲ್ಲಿ ಇನ್ನೂ ಆರು ಉಳಿದವು. ಎಂಟು ಟಾರ್ಗೆಟ್, ಎರಡು ರೆಫರೆನ್ಸ್ ಎಂದರೆ ಹತ್ತು ಪ್ಲೇಟ್. ಹೀಗೆ ಮಾಡಿದರೆ ಒಂದು ಜೀನ್‌ನ ಎಲ್ಲ ಪ್ರಾಣಿಗಳ ಹೋಲಿಕೆ ಒಂದೇ ಪ್ಲೇಟ್‌ನಲ್ಲಿ ಆಗುತ್ತದೆ. ಪ್ಲೇಟ್‌ನಿಂದ ಪ್ಲೇಟ್‌ಗೆ ಬರುವ ವ್ಯತ್ಯಾಸದ ತಲೆನೋವು ಇರುವುದಿಲ್ಲ. ಒಂದು ಮೈಕ್ರೋಗ್ರಾಂ ಆರ್‌ಎನ್‌ಎಯಿಂದ 20 ಮೈಕ್ರೋಲೀಟರ್ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡಿ ಹತ್ತು ಪಟ್ಟು ತೆಳುಮಾಡಿದರೆ 200 ಮೈಕ್ರೋಲೀಟರ್. ಬಾವಿಗೆ ಎರಡು ಹಾಕಿದರೂ ನೂರು ಬಾವಿಗೆ ಸಾಕು. ನಿಮಗೆ ಬೇಕಾದ್ದು ಮೂವತ್ತು.

ಎಫಿಶಿಯೆನ್ಸಿ, ಅಂದರೆ ಪ್ರತಿ ಸುತ್ತಿಗೂ ನಕಲು ಎಷ್ಟು ಪೂರ್ತಿಯಾಗಿ ಇಮ್ಮಡಿಯಾಗುತ್ತದೆ ಎಂಬುದು, ಶೇ 90ರಿಂದ 110ರೊಳಗೆ ಇರಬೇಕು. ಸ್ಟ್ಯಾಂಡರ್ಡ್ ಕರ್ವ್‌ನ ಸ್ಲೋಪ್ ಮೈನಸ್ 3.32 ಇದ್ದರೆ ಶೇ 100. ಈ ಕರ್ವ್ ಮಾಡದೆ ನೇರವಾಗಿ, ಜೀನ್ ಎಷ್ಟು ಪಟ್ಟು ಏರಿತು ಎಂದು ಲೆಕ್ಕ ಹಾಕುವ ಡೆಲ್ಟಾ ಡೆಲ್ಟಾ ಸಿಟಿ ಸೂತ್ರಕ್ಕೆ ಇಳಿಯಬೇಡಿ. ಲಿವಾಕ್ ಮತ್ತು ಶ್ಮಿಟ್‌ಗೆನ್ 2001ರಲ್ಲಿ ಕೊಟ್ಟ ಆ ಸೂತ್ರ ಎರಡೂ ಜೀನ್‌ಗಳ ಎಫಿಶಿಯೆನ್ಸಿ ಹೆಚ್ಚುಕಡಿಮೆ ಒಂದೇ ಇದೆ, ಅದೂ ಶೇ 100ರ ಹತ್ತಿರ ಇದೆ ಎಂದೇ ನಂಬಿಕೊಂಡು ನಡೆಯುತ್ತದೆ. ಕ್ಯೂಪಿಸಿಆರ್ ಫಲಿತಾಂಶವನ್ನು ಹೇಗೆ ವರದಿ ಮಾಡಬೇಕು ಎನ್ನುವ 2009ರ ಎಂಐಕ್ಯೂಇ ಮಾರ್ಗಸೂಚಿ ಓದಿ. ಪ್ರಬಂಧ ಕಳಿಸುವಾಗ ರಿವ್ಯೂವರ್ ಅದನ್ನೇ ಮುಂದಿಟ್ಟುಕೊಂಡು ಕೇಳುತ್ತಾರೆ.

ರೆಫರೆನ್ಸ್ ಜೀನ್ ವಿಷಯದಲ್ಲಿ ಲಸಿಕೆ ಅಧ್ಯಯನಗಳಿಗೆ ವಿಶೇಷ ಎಚ್ಚರ ಬೇಕು. ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಅನ್ನು ಎಷ್ಟೋ ಜನ ಕಣ್ಣುಮುಚ್ಚಿ ಬಳಸುತ್ತಾರೆ. ಅದು ಎಂಎಚ್‌ಸಿ ಕ್ಲಾಸ್-1ರ (ಟಿ ಕೋಶಗಳಿಗೆ ಆ್ಯಂಟಿಜೆನ್ ತೋರಿಸುವ ಪ್ರೋಟೀನ್) ಭಾಗ. ಇಂಟರ್‌ಫೆರಾನ್ ಬಂದರೆ ಅದೇ ಏರುತ್ತದೆ. ಲಸಿಕೆಗೆ ಸ್ಪಂದಿಸುವ ಜೀನನ್ನೇ ಅಳತೆಗೋಲು ಮಾಡಿಕೊಂಡರೆ ಏರಿಕೆ ಅಡಗಿಹೋಗುತ್ತದೆ. ಜಿಎಪಿಡಿಎಚ್ ಕೂಡ ನಿರಪಾಯ ಅಲ್ಲ. ಟಿ ಕೋಶ ಚುರುಕಾದಾಗ ಗ್ಲೈಕಾಲಿಸಿಸ್ ಜಾಸ್ತಿಯಾಗುತ್ತದೆ, ಅದರ ಕಿಣ್ವವೇ ಜಿಎಪಿಡಿಎಚ್. ಎಚ್‌ಪಿಆರ್‌ಟಿ, ವೈಡಬ್ಲ್ಯೂಎಚ್‌ಎಝಡ್, ಆರ್‌ಪಿಎಲ್-13ಎ, ಬೀಟಾ ಆ್ಯಕ್ಟಿನ್ ಥರದ ನಾಲ್ಕೈದನ್ನು ನಿಮ್ಮದೇ ಸ್ಯಾಂಪಲ್‌ಗಳಲ್ಲಿ ಓಡಿಸಿ. ಜೀನಾರ್ಮ್ ಥರದ ಪ್ರೋಗ್ರಾಂನಲ್ಲಿ ಹಾಕಿ ಸ್ಥಿರವಾಗಿರುವ ಎರಡು ಮೂರನ್ನು ಆರಿಸಿಕೊಳ್ಳಿ. ಒಂದು ಪ್ಲೇಟ್ ಜಾಸ್ತಿ ಖರ್ಚಾದರೂ ಇಡೀ ಥೀಸಿಸ್ ನಿಲ್ಲುವುದು ಇದರ ಮೇಲೆ.

ಸೈಬರ್ ಗ್ರೀನೋ, ಟಾಕ್‌ಮ್ಯಾನ್ ಪ್ರೋಬೋ? ಸೈಬರ್ ಯಾವ ಡಿಎನ್‌ಎಗಾದರೂ ಅಂಟುವ ಹೊಳೆಯುವ ಬಣ್ಣ, ಪ್ರೋಬ್ ಒಂದೇ ಜೀನ್‌ಗೆ ಅಂಟುವ ಗುರುತಿನ ತುಣುಕು. ಸೈಬರ್ ಅಗ್ಗ. ಪ್ರೈಮರ್ ಜೋಡಿ (ಅಳೆಯುವ ಭಾಗದ ಎರಡು ತುದಿಗೆ ಅಂಟುವ ಸಣ್ಣ ಡಿಎನ್‌ಎ ತುಣುಕುಗಳು) ತರಿಸಿದರೆ ಸಾಕು, ಮೆಲ್ಟ್ ಕರ್ವ್ ನೋಡಿ ಒಂದೇ ಉತ್ಪನ್ನ ಬಂದಿದೆಯಾ ತಿಳಿಯಬಹುದು. ಪ್ರೋಬ್ ದುಬಾರಿ, ಆದರೆ ಒಂದೇ ಬಾವಿಯಲ್ಲಿ ಎರಡು ಮೂರು ಜೀನ್ ಅಳೆಯಬಹುದು. ಸ್ಯಾಂಪಲ್ ಸಾಕಷ್ಟಿದ್ದರೆ ಸೈಬರ್. ಇಲಿಯ ಮಂಡಿಯ ಹಿಂದಿನ ಲಿಂಫ್ ನೋಡ್‌ನಂತೆ ಚೂರೇ ಸ್ಯಾಂಪಲ್ ಇದ್ದರೆ ಪ್ರೋಬ್ ಯೋಚಿಸಿ.

ಒಂದು ಮಾತು ಸೇರಿಸಲೇಬೇಕು. ಜೀನ್‌ನಲ್ಲಿ ಎಂಆರ್‌ಎನ್‌ಎಗೆ ಉಳಿಯುವ ತುಂಡು ಎಕ್ಸಾನ್, ನಡುವೆ ಕತ್ತರಿಸಿ ಹೋಗುವ ತುಂಡು ಇಂಟ್ರಾನ್. ಪ್ರೈಮರ್ ಎರಡು ಎಕ್ಸಾನ್ ಕೂಡುವ ಜಾಗದ ಮೇಲೆ ಕೂತರೆ ಡಿಎನ್‌ಎ ಕಲಬೆರಕೆ ಕಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಇಂಟರ್‌ಫೆರಾನ್ ಆಲ್ಫಾ, ಬೀಟಾ ಜೀನ್‌ಗಳಲ್ಲಿ ಇಂಟ್ರಾನೇ ಇಲ್ಲ! ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಸ್ಪ್ಲೀನ್‌ನಲ್ಲಿ ಡಿಎನ್‌ಎ ಬೇರೆ ವಿಪರೀತ. ಡಿಎನ್‌ಏಸ್ ಹಾಕಿ ಆ ಡಿಎನ್‌ಎ ಒಡೆಯಿರಿ, ಸಿಡಿಎನ್‌ಎ ಮಾಡುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಕಂಟ್ರೋಲನ್ನು ಪ್ರತಿ ಸ್ಯಾಂಪಲ್‌ಗೂ ಓಡಿಸಿ.

ಡಿಜಿಟಲ್ ಪಿಸಿಆರ್

ಸ್ಯಾಂಪಲ್ ಅನ್ನು ಸುಮಾರು 20,000 ಹನಿಗಳಾಗಿ ಒಡೆದು ಒಂದೊಂದರಲ್ಲೂ ಜೀನ್ ಇದೆಯೋ ಇಲ್ಲವೋ ಎಣಿಸುವ ವಿಧಾನ. ಸ್ಟ್ಯಾಂಡರ್ಡ್ ಕರ್ವ್ ಬೇಡ. ಬಹಳ ಕಡಿಮೆ ಇರುವ ಟ್ರಾನ್ಸ್‌ಕ್ರಿಪ್ಟ್‌ಗಳಿಗೆ (ಜೀನ್‌ನ ಆರ್‌ಎನ್‌ಎ ನಕಲುಗಳಿಗೆ), ಶೇ 30-40ರಷ್ಟು ಸಣ್ಣ ಏರಿಳಿತ ಹಿಡಿಯುವುದಕ್ಕೆ ಒಳ್ಳೆಯದು. ಆದರೆ ಮಷಿನ್ ನಮ್ಮ ಕಡೆ ಸುಲಭಕ್ಕೆ ಸಿಗದು, ಬಾವಿಯ ಖರ್ಚೂ ಜಾಸ್ತಿ. ಪ್ರಾಣಿಯಿಂದ ಪ್ರಾಣಿಗೆ ಇರುವ ವ್ಯತ್ಯಾಸವನ್ನು ಇದು ಕಡಿಮೆ ಮಾಡುವುದಿಲ್ಲ. ಎರಡು ಮೂರು ಜೀನ್‌ಗೆ ಮಾತ್ರ, ಬೇರೆ ದಾರಿ ಇಲ್ಲದಾಗ ಮಾತ್ರ ನೋಡಿ.

ಎನ್‌ಕೌಂಟರ್: ಮಧ್ಯದ ದಾರಿ

ನ್ಯಾನೋಸ್ಟ್ರಿಂಗ್ ಕಂಪನಿಯ ವಿಧಾನ ಇದು. ಕಂಪನಿ 2024ರಲ್ಲಿ ಬ್ರೂಕರ್ ಕೈಗೆ ಹೋಯಿತು. ಇದರಲ್ಲಿ ಸಿಡಿಎನ್‌ಎ ಮಾಡುವುದಿಲ್ಲ, ಪಿಸಿಆರ್ ಕೂಡ ಇಲ್ಲ. ಬಣ್ಣದ ಗುರುತಿರುವ ಪ್ರೋಬ್‌ಗಳು ನೇರವಾಗಿ ಆರ್‌ಎನ್‌ಎಗೆ ಅಂಟುತ್ತವೆ, ಮಷಿನ್ ಅವನ್ನು ಎಣಿಸುತ್ತದೆ. ಒಂದೇ ಸಲಕ್ಕೆ 800ರವರೆಗೆ ಜೀನ್. ಸುಮಾರು 100 ನ್ಯಾನೋಗ್ರಾಂ ಆರ್‌ಎನ್‌ಎ ಸಾಕು. ಇಲಿಯ ಇಮ್ಯುನಾಲಜಿ ಜೀನ್‌ಗಳ ಸಿದ್ಧ ಪ್ಯಾನೆಲ್ ಸಿಗುತ್ತದೆ, ಅದರಲ್ಲೇ ಐನೂರಕ್ಕೂ ಹೆಚ್ಚು ಜೀನ್.

ಇದರ ದೊಡ್ಡ ಗುಣ ಎಂದರೆ ಅರ್ಧ ಒಡೆದ ಆರ್‌ಎನ್‌ಎಯನ್ನೂ ಇದು ತಡೆದುಕೊಳ್ಳುತ್ತದೆ. ಫಾರ್ಮಲಿನ್‌ನಲ್ಲಿಟ್ಟು ಮೇಣದ ಬ್ಲಾಕ್ ಮಾಡಿದ ಅಂಗಾಂಶದಲ್ಲೂ ಕೆಲಸ ಮಾಡುತ್ತದೆ. ಪೆಥಾಲಜಿ ವಿಭಾಗದವರ ಬಳಿ ಹಳೆಯ ಬ್ಲಾಕ್ ಇದ್ದರೆ ಯೋಚಿಸಬೇಕಾದ ವಿಷಯ. ವಿಶ್ಲೇಷಣೆಯೂ ಸುಲಭ, ಎಕ್ಸೆಲ್ ಬಲ್ಲವರು ಕಲಿಯಬಹುದು.

ತೊಂದರೆ ಎರಡು. ಕಾರ್ಟ್ರಿಜ್‌ಗೆ 12 ಸ್ಯಾಂಪಲ್, ಹಾಗಾಗಿ 13 ಪ್ರಾಣಿ ಇದ್ದರೆ ಎರಡನೇ ಕಾರ್ಟ್ರಿಜ್ ದುಡ್ಡು ಕೊಡಬೇಕು. ಪ್ರಾಣಿಗಳ ಸಂಖ್ಯೆಯನ್ನು 12ರ ಲೆಕ್ಕದಲ್ಲೇ ಯೋಜಿಸಿ. ಎರಡನೆಯದು ಪ್ಯಾನೆಲ್ ಇಲಿಗೆ, ಮನುಷ್ಯನಿಗೆ ಇದ್ದಷ್ಟು ಸಲೀಸಾಗಿ ಆಡು, ಗಿನಿಪಿಗ್‌ಗೆ ಸಿಗುವುದಿಲ್ಲ. ಬೇಕಾದ ಜೀನ್ ಹೇಳಿ ಮಾಡಿಸಿಕೊಳ್ಳಬೇಕು, ಅದಕ್ಕೆ ಬೇರೆಯೇ ಖರ್ಚು. ನನ್ನ ಲೆಕ್ಕದಲ್ಲಿ ಇದು 50ರಿಂದ 500 ಜೀನ್ ಬೇಕಾದವರಿಗೆ, ಇಲಿ ಬಳಸುವವರಿಗೆ, ಬಯೋಇನ್ಫರ್ಮ್ಯಾಟಿಕ್ಸ್ ಜನ ಇಲ್ಲದವರಿಗೆ.

ಆರ್‌ಎನ್‌ಎ-ಸೀಕ್: ಎಲ್ಲ ಕಾಣುತ್ತದೆ, ಆದರೆ ನೋಡಲು ಬರಬೇಕು

ಸ್ಯಾಂಪಲ್‌ನಲ್ಲಿರುವ ಎಲ್ಲ ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಸಂದೇಶ ಒಯ್ಯುವ ಆರ್‌ಎನ್‌ಎ) ಓದಿ ಎಣಿಸುತ್ತದೆ. ಮೊದಲೇ ಜೀನ್ ಆರಿಸಬೇಕಾಗಿಲ್ಲ. ಎಂದೋ ಮುಂದೆ ಹೊಸ ಪ್ರಶ್ನೆ ಬಂದರೆ ಅದೇ ಡೇಟಾಗೆ ಮರಳಿ ಹೋಗಬಹುದು. ಹುಡುಕಾಟದ ಪ್ರಶ್ನೆ ಇದ್ದವರಿಗೆ ಇದಕ್ಕೆ ಸಾಟಿ ಇಲ್ಲ.

ಆದರೆ ನನ್ನ ಬಳಿ ಬರುವ ಅರ್ಧದಷ್ಟು ಜನ ಇದನ್ನು ಕೇಳುವುದು ಪ್ರಶ್ನೆಯ ಕಾರಣಕ್ಕಲ್ಲ. "ದೊಡ್ಡ ಜರ್ನಲ್‌ಗೆ ಹೋಗ್ತದಲ್ರೀ" ಎನ್ನುವ ಕಾರಣಕ್ಕೆ. ಗುಂಪಿಗೆ ಮೂರು ಇಲಿ ಇಟ್ಟು ಸೀಕ್ವೆನ್ಸಿಂಗ್ ಮಾಡಿಸಿದರೆ ಯಾವ ದೊಡ್ಡ ಜರ್ನಲ್‌ಗೂ ಹೋಗುವುದಿಲ್ಲ. ಯೀಸ್ಟ್‌ನಲ್ಲಿ 48 ರೆಪ್ಲಿಕೇಟ್ (ಬೇರೆ ಬೇರೆಯಾಗಿ ಬೆಳೆಸಿದ ಮಾದರಿ) ಇಟ್ಟು ಮಾಡಿದ ಒಂದು ಕೆಲಸ 2016ರಲ್ಲಿ ಬಂತು. ಕನಿಷ್ಠ ಆರು ರೆಪ್ಲಿಕೇಟ್ ಇರಲಿ, ಸಣ್ಣ ಬದಲಾವಣೆಗಳೂ ಬೇಕಾದರೆ ಹನ್ನೆರಡು ಇರಲಿ ಎಂದು ಅದು ಹೇಳಿತು. ಲ್ಯಾಬ್‌ನಲ್ಲಿ ಒಂದೇ ಹದದಲ್ಲಿ ಬೆಳೆದ ಯೀಸ್ಟ್‌ಗೇ ಅಷ್ಟು ಬೇಕಾದರೆ ಇಲಿಗೆ?

ದುಡ್ಡನ್ನು ಹೇಗೆ ಹಂಚಬೇಕು ಎಂಬುದು ಇಲ್ಲಿ ಮುಖ್ಯ. ಜೀನ್‌ಗಳ ಏರಿಳಿತ ನೋಡಲು ಸ್ಯಾಂಪಲ್‌ಗೆ 2ರಿಂದ 3 ಕೋಟಿ ರೀಡ್ (ಮಷಿನ್ ಓದುವ ಸಣ್ಣ ತುಣುಕು) ಸಾಕು. ಕಂಪನಿಯವರು ಕೋಟೇಶನ್‌ನಲ್ಲಿ ಇದರ ಎರಡು ಮೂರು ಪಟ್ಟು ಬರೆದರೆ, ಅದನ್ನು ಇಳಿಸಿ ಆ ದುಡ್ಡಿಗೆ ಪ್ರಾಣಿ ಜಾಸ್ತಿ ಮಾಡಿ. ಟ್ರಾನ್ಸ್‌ಕ್ರಿಪ್ಟ್‌ನ 3-ಪ್ರೈಮ್ ತುದಿಯನ್ನು ಮಾತ್ರ ಓದುವ ವಿಧಾನವೂ ಇದೆ. ಅದಕ್ಕೆ ಇನ್ನೂ ಕಡಿಮೆ ರೀಡ್ ಸಾಕು, ಖರ್ಚೂ ಇಳಿಯುತ್ತದೆ. ಸ್ಪ್ಲೈಸಿಂಗ್ (ಎಕ್ಸಾನ್‌ಗಳು ಹೇಗೆ ಜೋಡಣೆಯಾದವು ಎಂಬ ವಿವರ) ಬೇಡ, ಜೀನ್ ಎಣಿಕೆ ಸಾಕು ಎನ್ನುವ ಲಸಿಕೆ ಅಧ್ಯಯನಕ್ಕೆ ನಾನು ಮೊದಲು ಇದನ್ನೇ ಸೂಚಿಸುತ್ತೇನೆ.

ರಕ್ತ ಬಳಸುವವರು ಇನ್ನೊಂದು ವಿಷಯ ಕೇಳಬೇಕು. ಇಡೀ ರಕ್ತದ ಎಂಆರ್‌ಎನ್‌ಎಯಲ್ಲಿ ದೊಡ್ಡ ಪಾಲು ಹಿಮೋಗ್ಲೋಬಿನ್‌ನ ಭಾಗವಾದ ಗ್ಲೋಬಿನ್‌ನದ್ದೇ ಆಗಿರಬಹುದು. ಮನುಷ್ಯರಲ್ಲಂತೂ ಅರ್ಧಕ್ಕಿಂತ ಜಾಸ್ತಿ. ನೀವು ಕೊಟ್ಟ ದುಡ್ಡೆಲ್ಲ ಗ್ಲೋಬಿನ್ ಓದಲು ಹೋಗುತ್ತದೆ. ಗ್ಲೋಬಿನ್ ತೆಗೆಯುವ ಹಂತ ಕೋಟೇಶನ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಬಿಳಿ ರಕ್ತಕಣ ಬೇರ್ಪಡಿಸಿಕೊಂಡು ಹೋಗಿ.

ವಿಶ್ಲೇಷಣೆಯ ಭಾರವನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಕಂಪನಿ ಕೊಡುವ ರೆಡಿಮೇಡ್ ವರದಿಯಲ್ಲಿ ಹೀಟ್‌ಮ್ಯಾಪ್ ಚೆಂದ ಇರುತ್ತದೆ. ವೈವಾದಲ್ಲಿ "ಎಫ್‌ಡಿಆರ್ ಎಷ್ಟು ಇಟ್ಟಿರಿ, ಬ್ಯಾಚ್ ಹೇಗೆ ಸರಿ ಮಾಡಿದಿರಿ" ಎಂದು ಕೇಳಿದರೆ ಉತ್ತರ ನಿಮ್ಮ ಬಳಿಯೇ ಇರಬೇಕು. (ಎಫ್‌ಡಿಆರ್ ಎಂದರೆ ಬದಲಾಗಿದೆ ಎಂದು ಪಟ್ಟಿ ಮಾಡಿದ ಜೀನ್‌ಗಳಲ್ಲಿ ಸುಳ್ಳಾಗಿರಬಹುದಾದ ಪಾಲು. ಬ್ಯಾಚ್ ಎಂದರೆ ಬೇರೆ ಬೇರೆ ಸಲ ಓಡಿಸಿದ್ದರಿಂದ ಬರುವ ವ್ಯತ್ಯಾಸ.) ಗ್ಯಾಲಕ್ಸಿ ಎಂಬ ಉಚಿತ ವೇದಿಕೆಯಲ್ಲಿ ಬ್ರೌಸರ್‌ನಲ್ಲೇ ಎಲ್ಲ ಹಂತ ಮಾಡಬಹುದು, ದೊಡ್ಡ ಕಂಪ್ಯೂಟರ್ ಬೇಡ. ಏರಿಳಿದ ಜೀನ್ ಹುಡುಕುವ ಪ್ರೋಗ್ರಾಂ ಡಿಇಸೀಕ್-2 ಕೂಡ ಅದರಲ್ಲೇ ಇದೆ. ದುಡ್ಡು ಕಟ್ಟುವ ಮೊದಲು ಜಿಇಒ ಎಂಬ ಸಾರ್ವಜನಿಕ ಡೇಟಾ ಭಂಡಾರದಿಂದ ಯಾರದಾದರೂ ಲಸಿಕೆ ಅಧ್ಯಯನದ ಡೇಟಾ ಇಳಿಸಿಕೊಂಡು ಅಭ್ಯಾಸ ಮಾಡಿ. ಅದೂ ಉಚಿತ. ಎಷ್ಟೋ ಸಲ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇರುತ್ತದೆ, ಒಂದು ಇಲಿಯನ್ನೂ ಮುಟ್ಟದೆ.

ಒಂದೊಂದು ಕೋಶದ ಆರ್‌ಎನ್‌ಎಯನ್ನೂ ಬೇರೆಯಾಗಿ ಓದುವ ಸಿಂಗಲ್ ಸೆಲ್ ಸೀಕ್ವೆನ್ಸಿಂಗ್ ಬಗ್ಗೆಯೂ ಕೇಳುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಆಗತಾನೇ ತೆಗೆದ ಜೀವಂತ ಕೋಶ ಬೇಕು, ಕೆಲವೇ ಗಂಟೆಗಳಲ್ಲಿ ಮಷಿನ್ ಮುಂದೆ ಇರಬೇಕು. ಮಷಿನ್ ಇರುವ ಊರಿನಲ್ಲೇ ಪ್ರಾಣಿ ಕೆಲಸ ಮಾಡುವ ಒಪ್ಪಂದ ಇಲ್ಲದಿದ್ದರೆ ಇಲ್ಲಿಂದ ಆಗುವ ಕೆಲಸ ಅಲ್ಲ.

ನಮ್ಮ ಬಿಸಿಲು, ನಮ್ಮ ದೂರ

ಏಪ್ರಿಲ್-ಮೇನಲ್ಲಿ ಕಲಬುರಗಿ, ಯಾದಗಿರಿಯಲ್ಲಿ 42-43 ಡಿಗ್ರಿ ಸಾಮಾನ್ಯ. ಆರ್‌ಎನ್‌ಎಗೆ ಇದಕ್ಕಿಂತ ಕೆಟ್ಟ ಹವೆ ಬೇಕಿಲ್ಲ. ಸಾಧ್ಯವಾದರೆ ಪ್ರಾಣಿ ಪ್ರಯೋಗವನ್ನು ನವೆಂಬರ್‌ನಿಂದ ಫೆಬ್ರುವರಿ ಒಳಗೆ ಮುಗಿಯುವಂತೆ ಇಟ್ಟುಕೊಳ್ಳಿ. ಬಿಸಿಲಿನ ಒತ್ತಡ ಪ್ರಾಣಿಯ ಕಾರ್ಟಿಕೋಸ್ಟೀರಾನ್ ಎಂಬ ಒತ್ತಡದ ಹಾರ್ಮೋನ್ ಏರಿಸುತ್ತದೆ, ಅದು ಸೈಟೊಕೈನ್‌ಗಳನ್ನೇ ತಗ್ಗಿಸುತ್ತದೆ. ಎಸಿ ಇಲ್ಲದ ಅನಿಮಲ್ ಹೌಸ್‌ನಲ್ಲಿ ಮೇ ತಿಂಗಳ ಲಸಿಕೆ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ.

ಮೈನಸ್ 80 ಫ್ರೀಜರ್‌ಗೆ ಜನರೇಟರ್ ಬ್ಯಾಕಪ್ ಇಲ್ಲವೆಂದರೆ ಆರ್‌ಎನ್‌ಎ-ಲೇಟರ್ ದ್ರಾವಣ ಬಳಸಿ. ಅಂಗಾಂಶವನ್ನು ಅರ್ಧ ಸೆಂಟಿಮೀಟರ್‌ಗಿಂತ ತೆಳುವಾಗಿ ಕತ್ತರಿಸಿ ಅದರಲ್ಲಿ ಮುಳುಗಿಸಿದರೆ 4 ಡಿಗ್ರಿಯಲ್ಲಿ ಒಂದು ತಿಂಗಳು, 25 ಡಿಗ್ರಿಯಲ್ಲಿ ಒಂದು ವಾರ ಉಳಿಯುತ್ತದೆ. 37 ಡಿಗ್ರಿಯಲ್ಲಿ ಒಂದೇ ದಿನ. ಈ ಕೊನೆಯ ಸಂಖ್ಯೆ ನಮ್ಮ ಬೇಸಿಗೆಗೆ ನೆನಪಿಡಬೇಕಾದ್ದು. ಸ್ಪ್ಲೀನ್ ಇಡಿಯಾಗಿ ಹಾಕಬೇಡಿ, ಒಳಗಿನವರೆಗೆ ದ್ರಾವಣ ಇಳಿಯುವುದಿಲ್ಲ.

ಸೀಕ್ವೆನ್ಸಿಂಗ್‌ಗೆ ಸ್ಯಾಂಪಲ್ ಹೋಗುವುದು ಸಾಮಾನ್ಯವಾಗಿ ಹೈದರಾಬಾದ್ ಇಲ್ಲಾ ಬೆಂಗಳೂರಿಗೆ. ಬೀದರ್‌ನವರಿಗೆ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಬೆಳಗ್ಗೆ ಹೊರಟು ಕೈಯಾರೆ ಕೊಟ್ಟು ಸಂಜೆಗೆ ವಾಪಸ್ ಬರಬಹುದು. ನಾನು ಯಾವಾಗಲೂ ಅದನ್ನೇ ಹೇಳುವುದು, ಕೊರಿಯರ್‌ಗಿಂತ ಸ್ವತಃ ಹೋಗಿ ಕೊಡಿ. ಡ್ರೈ ಐಸ್ ಸಿಗದಿದ್ದರೆ ಆರ್‌ಎನ್‌ಎಯನ್ನು ನೀರಿನಲ್ಲಿ ಕರಗಿಸದೆ, ಶೇ 75ರ ಎಥನಾಲ್ ಕೆಳಗೆ ಹಾಗೇ ಬಿಟ್ಟು ಒಯ್ಯಿರಿ. ಆ ಸ್ಥಿತಿಯಲ್ಲಿ 4 ಡಿಗ್ರಿಯಲ್ಲಿ ಒಂದು ವಾರ ಇರುತ್ತದೆ. ಜೆಲ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿ ಸಾಕು. ಅಲ್ಲಿ ಆರ್‌ಐಎನ್ (ಆರ್‌ಎನ್‌ಎ ಎಷ್ಟು ಒಡೆಯದೆ ಉಳಿದಿದೆ ಎಂಬ ಅಂಕ) 7ಕ್ಕಿಂತ ಮೇಲೆ ಬಂದರೆ ಸೀಕ್ವೆನ್ಸಿಂಗ್‌ಗೆ ಕೊಡಿ. ಕೆಳಗೆ ಬಂದ ಸ್ಯಾಂಪಲ್ ಅನ್ನು ಆಂಪ್ಲಿಕಾನ್ (ನಕಲಾಗುವ ತುಣುಕು) ಚಿಕ್ಕದಿರುವ ಕ್ಯೂಪಿಸಿಆರ್‌ಗೋ ಎನ್‌ಕೌಂಟರ್‌ಗೋ ಉಳಿಸಿಕೊಳ್ಳಿ.

ಆಡು, ಗಿನಿಪಿಗ್‌ನವರಿಗೆ

ಬೀದರ್‌ನಲ್ಲಿ ಪಿಪಿಆರ್ (ಆಡು-ಕುರಿಗಳ ವೈರಸ್ ರೋಗ), ಆಡಿನ ಸಿಡುಬಿನ ಲಸಿಕೆ ಮೇಲೆ ಕೆಲಸ ಮಾಡುವವರಿಗೆ ಇಲಿಯ ಸಲಹೆ ಪೂರ್ತಿ ಹೊಂದುವುದಿಲ್ಲ. ಆಡು ಒಂದೇ ತಳಿಯದ್ದಾದರೂ ಲ್ಯಾಬ್ ಇಲಿಗಳಂತೆ ಒಂದೇ ಅಚ್ಚಿನದ್ದಲ್ಲ. ಆಡಿನಿಂದ ಆಡಿಗೆ ವ್ಯತ್ಯಾಸ ದೊಡ್ಡದು. ಆದರೆ ಇಲಿಯಲ್ಲಿ ಸಿಗದ ಒಂದು ಅನುಕೂಲ ಇಲ್ಲಿದೆ. ಅದೇ ಆಡಿನಿಂದ ಲಸಿಕೆಗೆ ಮೊದಲು ಒಂದು ಸಲ, ಆಮೇಲೆ ಮತ್ತೆ ಮತ್ತೆ ರಕ್ತ ತೆಗೆಯಬಹುದು. ಪ್ರತಿ ಆಡೂ ತನಗೆ ತಾನೇ ಕಂಟ್ರೋಲ್. ಪೇರ್ಡ್ ಲೆಕ್ಕದಲ್ಲಿ ಬೇಕಾದ ಪ್ರಾಣಿಗಳ ಸಂಖ್ಯೆ ಚೆನ್ನಾಗಿ ಇಳಿಯುತ್ತದೆ, ಯಾವ ಪ್ರಾಣಿಯನ್ನೂ ಕೊಲ್ಲಬೇಕಾಗಿಲ್ಲ.

ರಕ್ತದಲ್ಲಿ ಅಳೆಯುವವರು ಅದೇ ದಿನ ಡಿಫರೆನ್ಶಿಯಲ್ ಕೌಂಟ್ (ಬಿಳಿ ರಕ್ತಕಣಗಳ ಬಗೆಬಗೆಯ ಎಣಿಕೆ) ಮಾಡಿಸಲೇಬೇಕು. ಲಸಿಕೆಯ ನಂತರ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿದರೆ ಟಿ ಕೋಶದ ಜೀನ್‌ಗಳೆಲ್ಲ "ಇಳಿದಂತೆ" ಕಾಣುತ್ತವೆ. ಜೀನ್ ಇಳಿದಿಲ್ಲ, ಕೋಶಗಳ ಪಾಲು ಬದಲಾಗಿದೆ ಅಷ್ಟೆ.

ಗಿನಿಪಿಗ್‌ಗೆ ಸೈಟೊಕೈನ್ ಪ್ರೋಟೀನ್ ಅಳೆಯುವ ಎಲೈಸಾ ಕಿಟ್, ಕೋಶಗಳನ್ನು ಬಗೆಬಗೆಯಾಗಿ ಎಣಿಸುವ ಫ್ಲೋ ಸೈಟೊಮೆಟ್ರಿಯ ಆ್ಯಂಟಿಬಾಡಿ ಸಿಗುವುದು ಕಷ್ಟ. ಅದಕ್ಕೇ ಕ್ಷಯದ ಲಸಿಕೆಗಳ ಕೆಲಸದಲ್ಲಿ ಗಿನಿಪಿಗ್ ಬಳಸುವವರು ಕ್ಯೂಪಿಸಿಆರ್ ಮೇಲೆ ಅಷ್ಟೊಂದು ಅವಲಂಬಿಸಿದ್ದಾರೆ. ಇಲಿಯಲ್ಲಿ ಐಎಲ್-8 ಜೀನೇ ಇಲ್ಲ, ಗಿನಿಪಿಗ್‌ನಲ್ಲಿ ಇದೆ. ಮನುಷ್ಯರ ಪ್ರಬಂಧ ನೋಡಿ ಜೀನ್ ಪಟ್ಟಿ ಎತ್ತಿಕೊಳ್ಳುವ ಮೊದಲು ನಿಮ್ಮ ಪ್ರಾಣಿಯಲ್ಲಿ ಆ ಜೀನ್ ಇದೆಯಾ ನೋಡಿ.

ಜೀನ್ ಏರಿದರೆ ಪ್ರೋಟೀನ್ ಏರಿತೇ?

ಏರಲೇಬೇಕೆಂದಿಲ್ಲ. ಐಎಲ್-1 ಬೀಟಾ ಎಂಆರ್‌ಎನ್‌ಎ ಬೇಕಾದಷ್ಟು ಇದ್ದರೂ ಕ್ಯಾಸ್ಪೇಸ್-1 ಎಂಬ ಕಿಣ್ವ ಅದರ ಪ್ರೋಟೀನನ್ನು ಕತ್ತರಿಸುವವರೆಗೆ ಅದು ಕೆಲಸಕ್ಕೆ ಬರುವುದಿಲ್ಲ. ನೆನಪಿನ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾದ ಎಂಆರ್‌ಎನ್‌ಎ ಇಟ್ಟುಕೊಂಡೇ ಪ್ರೋಟೀನ್ ಮಾಡದೆ ಕಾಯುತ್ತಿರಬಹುದು. ಹಾಗಾಗಿ ಯಾವ ವಿಧಾನ ಆರಿಸಿದರೂ ಒಂದು ಪ್ರೋಟೀನ್ ಅಳತೆ ಜೊತೆಗಿರಲಿ. ಇಂಟರ್‌ಫೆರಾನ್ ಗಾಮಾ ಎಲೈಸಾ ಅಥವಾ ಎಲಿಸ್ಪಾಟ್ (ಆ ಪ್ರೋಟೀನ್ ಬಿಡುವ ಕೋಶಗಳ ಎಣಿಕೆ) ಒಂದು, ಸೀರಂ ಪ್ರತಿಕಾಯದ ಟೈಟರ್ (ಮಟ್ಟ) ಒಂದು. ದುಡ್ಡು ಬಹಳ ಕಡಿಮೆ ಇದ್ದರೆ ಜೀನ್‌ಗಳ ಸಂಖ್ಯೆ ಕಡಿಮೆ ಮಾಡಿ, ಇದನ್ನು ಬಿಡಬೇಡಿ. ಲಸಿಕೆ ರಕ್ಷಣೆ ಕೊಡುತ್ತದೆಯೇ ಎಂಬ ಪ್ರಶ್ನೆಗೆ ಜೀನ್ ಅಭಿವ್ಯಕ್ತಿ ಒಂದೇ ಎಂದೂ ಉತ್ತರ ಕೊಡದು.

ಹಾಗಾದರೆ ಯಾರಿಗೆ ಯಾವುದು

ಎರಡು ವರ್ಷದ ಎಂವಿಎಸ್ಸಿ ಅಥವಾ ಎಂಎಸ್ಸಿ, ಕೈಯಲ್ಲಿ ಕಡಿಮೆ ದುಡ್ಡು: ಸೈಬರ್ ಕ್ಯೂಪಿಸಿಆರ್, ಆರರಿಂದ ಎಂಟು ಜೀನ್, ಪರಿಶೀಲಿಸಿದ ಎರಡು ರೆಫರೆನ್ಸ್, ಗುಂಪಿಗೆ ಎಂಟು ಪ್ರಾಣಿ, ಒಂದು ಎಲೈಸಾ. ಎರಡು ಹೊತ್ತಿನ ಸ್ಯಾಂಪಲ್ ಸಾಕು. ಇದಕ್ಕಿಂತ ಜಾಸ್ತಿ ಮಾಡಲು ಹೋದರೆ ಕೋರ್ಸ್ ಅವಧಿಯಲ್ಲಿ ಮುಗಿಯುವುದಿಲ್ಲ.

ಪಿಎಚ್‌ಡಿ, ಮಧ್ಯಮ ದುಡ್ಡು: ಎರಡು ಹಂತ ಮಾಡಿ. ಮೊದಲು ಒಂದೇ ಹೊತ್ತಿನಲ್ಲಿ, ಎರಡೇ ಗುಂಪು, ಲಸಿಕೆ ಮತ್ತು ಅಡ್ಜುವೆಂಟ್ ಮಾತ್ರ, ತಲಾ ಆರು ಪ್ರಾಣಿ, ಹನ್ನೆರಡು ಸ್ಯಾಂಪಲ್‌ನ 3-ಪ್ರೈಮ್ ಸೀಕ್ವೆನ್ಸಿಂಗ್. ಅದರಲ್ಲಿ ಎದ್ದು ಕಂಡ ಹತ್ತು ಹನ್ನೆರಡು ಜೀನ್‌ಗಳನ್ನು ಬೇರೆಯೇ ಪ್ರಾಣಿಗಳಲ್ಲಿ, ಎಲ್ಲ ಹೊತ್ತು, ಎಲ್ಲ ಗುಂಪಿನಲ್ಲಿ ಕ್ಯೂಪಿಸಿಆರ್‌ನಿಂದ ನೋಡಿ. ಅದೇ ಸ್ಯಾಂಪಲ್‌ನಲ್ಲಿ ಮತ್ತೆ ಅಳೆದರೆ ಮಷಿನ್ ಸರಿ ಇದೆ ಎಂದಷ್ಟೇ ಗೊತ್ತಾಗುತ್ತದೆ.

ಇಲಿ ಬಳಸುವ ದೊಡ್ಡ ಪ್ರಾಜೆಕ್ಟ್, ಹಲವು ಲಸಿಕೆಗಳ ಹೋಲಿಕೆ, ವಿಶ್ಲೇಷಣೆಗೆ ಜನ ಇಲ್ಲ: ಎನ್‌ಕೌಂಟರ್. ವಿಶ್ಲೇಷಣೆಗೆ ಒಬ್ಬರು ಸಿಕ್ಕರೆ ಅದೇ ದುಡ್ಡಿಗೆ 3-ಪ್ರೈಮ್ ಸೀಕ್ವೆನ್ಸಿಂಗ್ ಜಾಸ್ತಿ ಕೊಡುತ್ತದೆ.

ಆಡಿನ ಮೇಲೆ ಕೆಲಸ ಮಾಡುವವರು: ಅದೇ ಆಡಿನ ರಕ್ತ, 0, 1, 7 ಮತ್ತು 14ನೇ ದಿನ, ಕ್ಯೂಪಿಸಿಆರ್ ಜೊತೆ ಡಿಫರೆನ್ಶಿಯಲ್ ಕೌಂಟ್. ಪ್ರೈಮರ್ ಹುಡುಕುವಾಗ ಆಡಿನ ಸ್ವಂತ ಸೀಕ್ವೆನ್ಸ್‌ಗೆ ಹೊಂದಿಸಿ ನೋಡಿ. ದನ, ಕುರಿಯ ಪ್ರೈಮರ್ ಎಷ್ಟೋ ಸಲ ನಡೆಯುತ್ತದೆ, ಆದರೆ 3-ಪ್ರೈಮ್ ತುದಿಯಲ್ಲಿ ಒಂದು ಅಕ್ಷರ ಬೇರೆಯಿದ್ದರೂ ಎಫಿಶಿಯೆನ್ಸಿ ಬಿದ್ದುಹೋಗುತ್ತದೆ.

ಇಂದು ಕ್ಯೂಪಿಸಿಆರ್ ಮಾತ್ರ ಮಾಡುವವರೂ ಪ್ರತಿ ಪ್ರಾಣಿಯ ಆರ್‌ಎನ್‌ಎಯಲ್ಲಿ ಒಂದು ಮೈಕ್ರೋಗ್ರಾಂ ಬೇರೆ ಟ್ಯೂಬ್‌ನಲ್ಲಿ ಎಥನಾಲ್ ಕೆಳಗೆ ಮೈನಸ್ 20ರಲ್ಲಿ ಎತ್ತಿಡಿ. ಟ್ಯೂಬ್ ಮೇಲೆ ಪ್ರಾಣಿ ಸಂಖ್ಯೆ, ಗುಂಪು, ದಿನ, ತೆಗೆದ ಗಂಟೆ ಬರೆಯಿರಿ. ಅದು ಕನಿಷ್ಠ ಒಂದು ವರ್ಷ ಉಳಿಯುತ್ತದೆ. ಮುಂದಿನ ವರ್ಷ ನಿಮ್ಮ ಗೈಡ್‌ಗೆ ಪ್ರಾಜೆಕ್ಟ್ ಸಿಕ್ಕರೆ ಹೊಸ ಪ್ರಾಣಿ ಬೇಡ, ಅದೇ ಟ್ಯೂಬ್‌ಗಳನ್ನು ಸೀಕ್ವೆನ್ಸಿಂಗ್‌ಗೆ ಕೊಡಬಹುದು.